ಮನೆಯ ಕೆಳಗಿನ ಬೆಳಕು

ಅಗೋ ಅಳಿಲು, ಹೊಸ ಗೋಡೆಯ ನೆತ್ತಿಗೆ ಹಾರಿ, ಉಕ್ಕಿನ ತೊಲೆಯ ಮೇಲೆ ಬಾಲ ಎತ್ತಿಕೊಂಡು ಓಡಿ, ಮನೆಯ ಕೆಳಗೇ ಹಾದು ಆಚೆ ಕಡೆಯ ಮೇಪಲ್ ಮರ ಸೇರಿಬಿಟ್ಟಿತಲ್ಲ, ಬಾಗಿಲು ಕಿಟಕಿ ಯಾವುದರ ಹಂಗೂ ಇಲ್ಲದೆ, ಮನೆಯ ಕೆಳಗೇ — ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದ ಗುರುಶಾಂತಪ್ಪ ಕುತ್ತಿಗೆ ಬಗ್ಗಿಸಿ ಅದು ಹೋದ ದಾರಿಯನ್ನೇ ನೋಡಿದ, ಗೋಡೆಯ ನೆತ್ತಿಗೂ ಜ್ಯಾಕು ಹಚ್ಚಿ ಎತ್ತಿ ನಿಲ್ಲಿಸಿದ ಮನೆಯ ಅಡಿಮರಕ್ಕೂ ನಡುವೆ ಮೊಳದಷ್ಟು ಬೆಳಕು, ಈ ಬದಿ ಕೂತರೆ ಆ ಬದಿಯ ಹುಲ್ಲು ಕಾಣುತ್ತದೆ, ಹುಲ್ಲಿನ ಮೇಲೆ ಬಿದ್ದ ಕೆಂಪು ಎಲೆ ಕಾಣುತ್ತದೆ, ಮಗಳು ರೇಣುವಿನ ಹಳದಿ ರಬ್ಬರ್ ಬೂಟು ಅತ್ತಿಂದಿತ್ತ ನಡೆದಾಡುವುದು ಕಾಣುತ್ತದೆ, ಮುಖ ಕಾಣುವುದಿಲ್ಲ, ಬೂಟು ಮಾತ್ರ. ಎಷ್ಟು ಮನೆ ಕಟ್ಟಿದ ಕೈ ಇದು, ಗದಗಿನಲ್ಲಿ, ಹುಬ್ಬಳ್ಳಿಯಲ್ಲಿ, ಅಣ್ಣಿಗೇರಿಯ ಸಾಹುಕಾರರ ಆ ದೊಡ್ಡ ವಾಡೆ, ಎಲ್ಲವೂ ಮಣ್ಣು ಕಚ್ಚಿಕೊಂಡು ಕೂತಂಥವು, ಮನೆಯ ಕೆಳಗೆ ಬೆಳಕು ಇರಬಹುದೆಂದು ಯಾರಿಗೆ ಗೊತ್ತಿತ್ತು, ಮನೆಯ ಕೆಳಗೆ ಕತ್ತಲೆ ಇರಬೇಕು, ಇದ್ದರೇನೇ ಅದು ಮನೆ. ಇವತ್ತು ಮನೆಯನ್ನು ಹೊಸ ಪಾಯದ ಮೇಲೆ ಇಳಿಸುತ್ತಾರೆ. ಟುಡೇ ಶಾಂಟಿ, ಟುಡೇ ಶೀ ಸಿಟ್ಸ್ ಡೌನ್ ಎಂದು ಕಾಜ್ ಬೆಳಿಗ್ಗೆಯೇ ಹೇಳಿದ್ದಾನೆ, ಪಾಯ ಹಾಕುವ ಕಂತ್ರಾಟುದಾರ ಅವನು, ಡೆಟ್ರಾಯಿಟಿನ ಕಡೆಯ ಪೋಲೆಂಡ್ ಜನ, ಗುರುಶಾಂತಪ್ಪ ಅನ್ನುವ ಹೆಸರು ಅವನ ಬಾಯಲ್ಲಿ ನಿಲ್ಲದೆ ಶಾಂಟಿಯಾದದ್ದು ಮೊದಲ ದಿನವೇ, ಮನೆಗೆ ಶೀ ಅನ್ನುತ್ತಾನೆ, ಶೀ ಅಂದ್ರ ಆಕಿ ಅಂತ ಅಪ್ಪಾ ಎಂದು ರೇಣು ತಿಳಿಸಿದ್ದಳು, ಆಕಿ ಇವತ್ತು ಕೂಡ್ತಾಳ. ಕೂಡಲಿ. ನಾಲ್ಕು ಮೂಲೆಗಳಲ್ಲಿ ಮೂರು ಕಾಜ್‌ನವು, ನಾಲ್ಕನೆಯದು, ಈ ಈಶಾನ್ಯದ್ದು, ತನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಇರುವ ಈ ಮೂಲೆ, ಅದರ ತಳದಿಂದ ನೆತ್ತಿಯ ತನಕ ತನ್ನದು, ಒಮ್ಮೆ ಹಾಳು ಮಾಡಿ ಇನ್ನೊಮ್ಮೆ ಕಟ್ಟಿದ್ದು, ಅದು ಮನೆಯನ್ನು ಹೊರುತ್ತದೋ ಇಲ್ಲವೋ ಇವತ್ತು ಗೊತ್ತಾಗುತ್ತದೆ.

ಮಳೆ ಬೀಳುವುದೂ ಇಲ್ಲ, ನಿಲ್ಲುವುದೂ ಇಲ್ಲ, ಗಾಳಿಯಲ್ಲಿ ತೂಗುಬಿಟ್ಟ ಒದ್ದೆ ಪಂಜೆಯ ಹಾಗೆ, ಇದು ಆನ್ ಆರ್ಬರಿನ ನವೆಂಬರ್, ಜುಲೈಯಲ್ಲಿ ದೇಶಕ್ಕೆ ಇನ್ನೂರು ವರ್ಷ ತುಂಬಿತೆಂದು ಪಕ್ಕದ ಮನೆಯವರು ಕಟ್ಟಿದ ಬಾವುಟ ಇನ್ನೂ ಅಲ್ಲೇ ತೊಯ್ದು ಜೋತುಬಿದ್ದಿದೆ, ಊರಿನ ಮಳೆ ಆದರೆ ಬಂದೆ ಅನ್ನುತ್ತದೆ, ಹೋದೆ ಅನ್ನುತ್ತದೆ, ಇದು ಮಾತೇ ಆಡದೆ ಮಣ್ಣಿನೊಳಕ್ಕೆ ಇಳಿಯುತ್ತದೆ. ಇಳಿದು ಚಳಿಗೆ ಮಂಜುಗಡ್ಡೆಯಾಗಿ ಉಬ್ಬಿ ಗೋಡೆಯನ್ನು ಒತ್ತುತ್ತದೆ, ಪ್ರತಿ ವರ್ಷ ಕೂದಲೆಳೆಯಷ್ಟು, ಹಾಗೆ ಒತ್ತಿ ಒತ್ತಿ ಈ ಮನೆಯ ನೆಲಮಾಳಿಗೆಯ ಹಳೆಯ ಇಟ್ಟಿಗೆಗೋಡೆ ಹೊಟ್ಟೆ ಬಿಟ್ಟಿತ್ತು, ತುಂಬು ಬಸುರಿಯ ಹಾಗೆ ಒಳಕ್ಕೆ ಬಾಗಿ, ಬಿರುಕಿನಲ್ಲಿ ನೀರು. ಗುರುಶಾಂತಪ್ಪನಿಗೆ ಅದು ಹೊಸತೇನಲ್ಲ, ಗದಗಿನ ಎರೆ ಭೂಮಿಯೂ ಹಾಗೇ, ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಸೀಳಿ ಕಾಲು ಹೋಗುವಷ್ಟು ಬಾಯಿ ಬಿಡುತ್ತದೆ, ಭೂಮಿ ಅಂದಮೇಲೆ ಅದೂ ಉಸಿರಾಡುತ್ತದೆ, ಅಲ್ಲಿ ಬಿಸಿಲಿಗೆ, ಇಲ್ಲಿ ಚಳಿಗೆ. ಮನೆಯ ಬೆಲೆ ಕಡಿಮೆ ಇದ್ದದ್ದು ಆ ಹೊಟ್ಟೆಯಿಂದಲೇ. ರೇಣು ಆಸ್ಪತ್ರೆಗೆ ನಡೆದು ಹೋಗಬಹುದೆಂದು ಇದನ್ನೇ ಹಿಡಿದಳು, ಅಳಿಯ ಸುರೇಶ ಬೇಡವೇ ಬೇಡ ಅಂದಿದ್ದ, ಕಾರು ಕಂಪನಿಯ ಡ್ರಾಯಿಂಗ್ ಆಫೀಸಿನವನು, ಮೈಸೂರು ಕಡೆಯ ಮೆತ್ತನೆಯ ಮಾತು, ರೇಣು, ವೆಸ್ಟ್ ಬ್ಲೂಮ್‌ಫೀಲ್ಡಲ್ಲಿ ಹಯವದನ ತಗೊಂಡ ಹಾಗೆ ಹೊಸಾ ಮನೆ ತಗೊಳ್ಳೋಣ, ಹಳೇದು ಹಳೇದೇ ಕಣೆ. ಆಕೆ, ಹಳೇದಂತ ನಮ್ಮಪ್ಪನ್ನೂ ಬಿಟ್ಟು ಬರಲಿಲ್ಲ ನಾನು ಅಂದಳು, ಸುರೇಶ ನಕ್ಕು ಸೋತ. ಸುರೇಶನ ಗೆಳೆಯ ಆ ಹಯವದನ ಫೋನಿನಲ್ಲೇ ಛೇಡಿಸಿದ್ದು ಪಕ್ಕದಲ್ಲಿ ಕೂತ ಗುರುಶಾಂತಪ್ಪನಿಗೂ ಕೇಳಿಸಿತ್ತು, ಅಲ್ರೀ ಸುರೇಶ್, ಜನ ಪಾಯ ಹಾಕಿ ಮನೆ ಕಟ್ತಾರೆ, ನೀವು ಮನೆ ತಂದಿಟ್ಕೊಂಡು ಆಮೇಲೆ ಪಾಯ ಹಾಕಿಸ್ತಿದೀರಲ್ರೀ! ಚೆನ್ನಾಗಿ ಆಡಿದ ಮಾತು, ಗುರುಶಾಂತಪ್ಪನಿಗೂ ನಗು ಬಂದಿತ್ತು, ನಗುತ್ತಲೇ ಆ ಒಂದು ಪದವನ್ನು ಹಿಡಿದುಕೊಂಡಿದ್ದ — ಪಾಯ. ಈ ಊರಿಗೆ ಬಂದ ಮೇಲೆ ಅದೇ ಮೊದಲ ಸಲ ತನ್ನ ಕಸುಬಿನ ಮಾತೊಂದು ಮನೆಯೊಳಗೆ ಹೊಕ್ಕಿತ್ತು.

ಕೆಲಸ ಕಲಿಸಿದ ಉಸ್ತಾದ ಮೌಲಾಸಾಬ ಹೇಳುತ್ತಿದ್ದ, ಪಾಯಾ ಇದ್ರ ಉಪಾಯ ಐತಲೇ, ಪಾಯಾ ಇಲ್ಲಂದ್ರ ಅಪಾಯ ಐತಿ, ಬೀಡಿ ಕಚ್ಚಿಕೊಂಡು, ಒಂದು ಕಣ್ಣು ಮುಚ್ಚಿ ತೂಗುಗುಂಡು ಹಿಡಿದುಕೊಂಡು, ಎರಡನೆಯ ಇಯತ್ತೆಗೆ ಸಾಲಿ ಬಿಟ್ಟು ಬಂದವನಿಗೆ ಅದೇ ಸಾಲಿ, ಸುಣ್ಣದ ಗಾಣ, ಎತ್ತು ಸುತ್ತುತ್ತ ಸುತ್ತುತ್ತ ಕಲ್ಲಿನ ಗಾಲಿ ಸುಣ್ಣ ಉಸುಕು ಅರೆದು ಬೆಣ್ಣೆಯಂಥ ಗಚ್ಚು ಮಾಡುತ್ತದೆ, ಅದಕ್ಕೆ ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು, ನಾಲಿಗೆಗೆ ಹಚ್ಚಿ ನೋಡಿ ಇನ್ನ ಸ್ವಲ್ಪ ಹಾಕಲೇ ಅನ್ನುತ್ತಿದ್ದ ಉಸ್ತಾದ, ಗಚ್ಚು ಹಸಕೊಂಡಿರಬಾರದು, ಹಸಿದ ಗಚ್ಚು ಮನೀ ತಿಂತೈತಿ. ಹಾಗೆ ಹೊಟ್ಟೆ ತುಂಬ ಬೆಲ್ಲ ಉಂಡ ಗಚ್ಚು ಮೂರು ತಲೆಮಾರು ಅಲುಗುವುದಿಲ್ಲ, ಮೊಳೆ ಹೊಡೆದರೆ ಮೊಳೆ ಬಾಗುತ್ತದೆ. ಆ ಗಚ್ಚಿನ ಕೂಲಿಯಲ್ಲೇ ರೇಣು ಡಾಕ್ಟರ್ ಓದಿದ್ದು, ಅರವತ್ತೆಂಟರಲ್ಲಿ ವಿಮಾನ ಹತ್ತಿದ್ದು, ಹೋದ ವರ್ಷ ಅವ್ವ ತೀರಿದ ಮೇಲೆ ಬಂದು ಅಪ್ಪನನ್ನು ಕರೆತಂದದ್ದು. ಬಂದವನು ವರ್ಷ ಪೂರ್ತಿ ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿ ಕೂತ, ಕೈಗಳು ತೊಡೆಯ ಮೇಲೆ ಎರಡು ಸತ್ತ ಹಕ್ಕಿಗಳ ಹಾಗೆ ಬಿದ್ದಿರುತ್ತಿದ್ದವು, ಕಾಜ್ ಮತ್ತು ಅವನ ಆಳುಗಳು ಬಂದು ಮನೆಯ ಕೆಳಗೆ ತೊಲೆ ತೂರಿಸಿ, ಓಕ್ ಮರದ ತುಂಡುಗಳನ್ನು ಅಡ್ಡಡ್ಡ ಉದ್ದುದ್ದ ಪೇರಿಸಿ, ಜ್ಯಾಕು ತಿರುಗಿಸಿ ತಿರುಗಿಸಿ ಇಡೀ ಮನೆಯನ್ನು ಎತ್ತಿದ ದಿನ ಅವು ಎದ್ದವು. ಮನೆ ಎದ್ದಿತು, ಪರದೆ ಕಟ್ಟಿದ ಕಿಟಕಿ, ಬಾಗಿಲ ಮೇಲಿನ ಗಂಟೆ, ಎಲ್ಲ ಹಾಗೇ ಇಟ್ಟುಕೊಂಡು ದೊಡ್ಡ ಮನೆತನದ ಹೆಂಗಸು ನೀರಿಗೆ ಇಳಿಯುವಾಗ ಸೀರೆ ಎತ್ತಿ ಹಿಡಿಯುವಂತೆ ಎದ್ದಿತು, ಕೆಳಗೆ ಬೆಳಕು ಬಿತ್ತು. ಮರುದಿನ ಬೆಳಿಗ್ಗೆ ಅವನೇ ಹೋಗಿ ಒಂದು ಸಲಿಕೆ ತೆಗೆದುಕೊಂಡು ಹಳೆಯ ಗೋಡೆಯ ಚೂರು ಎತ್ತಿ ಹಾಕತೊಡಗಿದ, ಯಾರನ್ನೂ ಕೇಳಲಿಲ್ಲ, ಕಾಜ್ ಒಂದು ಹೊತ್ತು ನೋಡಿ, ಹೇ ಪಾಪ್, ಯು ಓಕೆ? ಅಂದ, ಗುರುಶಾಂತಪ್ಪ ಗಚ್ಚು ಬಳಿಯುವ ಕರಣಿ ಹಿಡಿದು ತಿರುಗಿಸಿದಂತೆ ಗಾಳಿಯಲ್ಲಿ ಕೈ ಆಡಿಸಿ ತೋರಿಸಿದ, ಅಷ್ಟೇ, ಅಲ್ಲಿಗೆ ಪರಿಚಯ ಮುಗಿಯಿತು. ಡೊಬ್ಜೆ, ಅಂದ ಕಾಜ್. ಒಳ್ಳೆಯ ಕೆಲಸವಾದಾಗಲೆಲ್ಲ ಡೊಬ್ಜೆ, ಮಟ್ಟ ಸರಿ ಬಂದರೆ ಡೊಬ್ಜೆ, ಗುರುಶಾಂತಪ್ಪ ತಾನೂ ಇಂಗ್ಲಿಷ್ ಕಲಿತೆನೆಂದು ಬೀಗಿ ಪಕ್ಕದ ಮನೆಯ ಮುದುಕಿ ಹೌ ಆರ್ ಯು ಅಂದಾಗ ಡೊಬ್ಜೆ ಡೊಬ್ಜೆ ಎಂದು ತಲೆಯಾಡಿಸಿದ, ಆಕೆ ಪಿಳಿಪಿಳಿ ಕಣ್ಣು ಬಿಟ್ಟಳು, ರೇಣು ಹೊಟ್ಟೆ ಹಿಡಿದುಕೊಂಡು ನಕ್ಕಳು, ಅಪ್ಪಾ, ಅದು ಇಂಗ್ಲಿಷ್ ಅಲ್ಲೋ, ಪೋಲೆಂಡ್ ಮಾತು! ಇರಲಿ ಬಿಡವ್ವಾ, ಯಾವುದಾರ ಒಂದು ಬಂತಲ್ಲ.

ಬೆಲ್ಲ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ, ಹೊಟ್ಟೆ ತಿರುಗಿಸುತ್ತ ಬಂದ ದೊಡ್ಡ ಲಾರಿ ಮೂರು ಬದಿಗೆಲ್ಲ ಕಾಂಕ್ರೀಟು ಸುರಿದು ಈ ಈಶಾನ್ಯ ಮೂಲೆಗೆ ಬರುವಷ್ಟರಲ್ಲಿ ಬರಿದಾಯಿತು, ಇನ್ನೊಂದು ಲಾರಿ ಆ ದಿನ ಬರುವಂತಿರಲಿಲ್ಲ, ಕಾಜ್ ತನ್ನ ಸಣ್ಣ ಮಿಕ್ಸರ್ ಹಚ್ಚಿ ಈ ಮೂಲೆಗೆ ಇಲ್ಲೇ ಕಲಸೋಣ ಎಂದ, ಶಾಂಟಿ, ವಾಟರ್, ನೀರು ಹಾಕುವ ಕೆಲಸ ತನಗೆ. ಈಶಾನ್ಯ ಮೂಲೆ, ಮಗಳ ಮನೆ, ಪಾಯ, ನೀರು ತನ್ನ ಕೈಯಲ್ಲಿ, ಯಾರಾದರೂ ಬಿಡುತ್ತಾರೆಯೇ? ಅಪಾರ್ಟ್‌ಮೆಂಟಿಗೆ ಓಡಿ ಹೋಗಿ ಊರಿನಿಂದ ಪೆಟ್ಟಿಗೆಯಲ್ಲಿ ತಂದು ಬಟ್ಟೆ ಸುತ್ತಿಟ್ಟಿದ್ದ ಬೆಲ್ಲದ ಪೆಂಟೆ ತಂದ, ಸಂಕ್ರಾಂತಿಗೆ ಇರಲೆಂದು ರೇಣು ಮುಟ್ಟಗೊಡದ ಬೆಲ್ಲ, ಬಕೆಟ್ಟಿನ ಬಿಸಿನೀರಿನಲ್ಲಿ ಕರಗಿಸಿದ, ನಾಲಿಗೆಗೆ ಹಚ್ಚಿ ನೋಡಿದ, ಉಸ್ತಾದ ಮೇಲಿಂದ ಕೆಳಗೆ ನೋಡುತ್ತಿದ್ದ, ಇನ್ನ ಸ್ವಲ್ಪ ಹಾಕಲೇ, ಹಾಕಿದ. ಯಾರಿಗೂ ಹೇಳಲಿಲ್ಲ, ಹೇಳುವಂಥದ್ದೆಂದು ಅನ್ನಿಸಲೂ ಇಲ್ಲ, ಸಾರಿಗೆ ಉಪ್ಪು ಹಾಕಿದೆ ಎಂದು ಯಾರು ಸಾರಿಕೊಂಡು ತಿರುಗುತ್ತಾರೆ. ಎರಡು ದಿನ ಕಳೆದು ಹಲಗೆ ಬಿಚ್ಚಿದರೆ ಉಳಿದ ಗೋಡೆಯೆಲ್ಲ ಕಲ್ಲು, ಈ ಮೂಲೆ ಮಾತ್ರ ಕುಸಿದು ಕಾಲಮೇಲೆ ಬಿತ್ತು, ಕಾಜ್ ಬೆರಳು ಚುಚ್ಚಿದ, ಗೆಣ್ಣಿನ ತನಕ ಹೋಯಿತು, ಸಿಮೆಂಟು ಕೆಟ್ಟಿತ್ತೆ, ನೀರು ಜಾಸ್ತಿಯಾಯಿತೆ, ಚೀಲ ಮೂಸಿ ನೋಡಿದ, ಆಮೇಲೆ ಬೆರಳು ಮೂಸಿದ, ಮೂಸಿ ಗುರುಶಾಂತಪ್ಪನ ಮುಖ ನೋಡಿದ. ಬಕೆಟ್ಟಿನ ತಳದಲ್ಲಿ ಬೆಲ್ಲದ ಕರಿ ಅಂಟು ಹಾಗೇ ಇತ್ತು. ಸುರೇಶ ಆಫೀಸಿನಿಂದ ನೇರ ಅಲ್ಲಿಗೇ ಬಂದವನು ಕೋಟು ಕೂಡ ತೆಗೆಯದೆ ನಿಂತ, ಮಾವ, ಏನ್ ಹಾಕಿದ್ರಿ? ಬೆಲ್ಲ ಹಾಕೀನ್ರೀ. ಬೆಲ್ಲಾನಾ? ಗಟ್ಟಿ ಆಗಲಿ ಅಂತ. ಮಾವ, ಸಕ್ಕರೆ ಅಂಶ ಸಿಮೆಂಟ್ ಸೆಟ್ ಆಗೋದಕ್ಕೇ ಬಿಡಲ್ಲ, ಸುಣ್ಣ ಬೇರೆ, ಇದು ಬೇರೆ, ಇಲ್ಲಿ ಎಲ್ಲಾದಕ್ಕೂ ಒಂದು ಲೆಕ್ಕ ಅಂತಿದೆ — ದನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು, ಇನ್ಮೇಲೆ ಕೆಳಗೆ ಇಳೀಬೇಡಿ ಪ್ಲೀಸ್, ಬಿದ್ದುಗಿದ್ದು ಬಿಟ್ಟೀರಿ, ಅಂದ, ಬೀಳುವ ಮಾತು ಸುಮ್ಮನೆ ಸೇರಿಸಿದ್ದೆಂದು ಇಬ್ಬರಿಗೂ ಗೊತ್ತಿತ್ತು. ರೇಣು ಆಸ್ಪತ್ರೆಯಿಂದ ಬಂದಳು, ಇದೇ ಹಳದಿ ಬೂಟು, ಕುಸಿದ ಮೂಲೆಯ ಮುಂದೆ ಕೂತಳು, ಕೈಯಲ್ಲಿ ಒಂದಿಷ್ಟು ಎತ್ತಿ ನೋಡಿದಳು, ಅಪ್ಪಾ, ಪಾಯಾ ಹಾಕು ಅಂದ್ರ ಗೋಧಿ ಹುಗ್ಗಿ ಮಾಡಿಟ್ಟೀಯಲ್ಲೋ! ಎಂದು ನಕ್ಕಳು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಕಾಜ್‌ಗೆ ಹುಗ್ಗಿ ಅಂದರೇನೆಂದು ಇಂಗ್ಲಿಷಿನಲ್ಲಿ ತಿಳಿಸಿದಳು, ಅವನೂ ನಕ್ಕ. ಗುರುಶಾಂತಪ್ಪ ನಗಲಿಲ್ಲ. ತಪ್ಪಿದ್ದು ಉಸ್ತಾದನೆ, ಬೆಲ್ಲವೆ, ತಾನೆ, ಯಾರೂ ಅಲ್ಲ, ಅಲ್ಲಿ ಕಟ್ಟುವ ಬೆಲ್ಲ ಇಲ್ಲಿ ಬಿಡಿಸುತ್ತದೆ, ಒಂದೇ ಬೆಲ್ಲ, ಅಷ್ಟು ವರ್ಷದ ಕೈ ಒಂದು ಮುಂಜಾನೆಯಲ್ಲಿ ಸುಳ್ಳಾಗಿಬಿಡುತ್ತದೆಯೇ ಎಂದು ಕೈಗಳನ್ನೇ ನೋಡಿಕೊಳ್ಳುತ್ತ ನಿಂತಿದ್ದ. ಕಾಜ್ ಹೊಸದಾಗಿ ಹಾಕೋಣ, ನನ್ನ ಆಳು ಹಾಕ್ತಾನೆ ಅಂದದ್ದು, ಸುರೇಶ ಅದೇ ಸರಿ ಅಂದದ್ದು, ಆಗ ರೇಣು ಎದ್ದು ಕೈ ಒರೆಸಿಕೊಂಡು ಮೊದಲು ಕನ್ನಡದಲ್ಲಿ ಆಮೇಲೆ ಇಂಗ್ಲಿಷಿನಲ್ಲಿ ಅಂದದ್ದು, ಆ ಮಾತು ಈ ನವೆಂಬರಿನ ಚಳಿಯಲ್ಲೂ ಎದೆಯಲ್ಲಿ ಕೆಂಡದ ಹಾಗೆ ಇದೆ, ಮೂರು ಮೂಲಿ ಕಾಜ್‌ನವು, ಆ ಮೂಲಿ ನಮ್ಮಪ್ಪಂದು. ಅವನ ಹಾಕ್ತಾನ. ಸುರೇಶ ಬಾಯಿ ತೆರೆದ. ರೇಣು ಅವನ ಕಡೆ ನೋಡಿದಳು. ಅವನು ಕೋಟು ತೆಗೆದು ತೋಳ ಮೇಲೆ ಹಾಕಿಕೊಂಡ.

ಆ ಹುಗ್ಗಿಯನ್ನು ತೋಡಿ ತೆಗೆದದ್ದು ತಾನೊಬ್ಬನೇ, ಮಳೆಯಲ್ಲಿ, ಕಾಜ್ ಲಾರಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ, ಇಳಿದು ಕೈ ಹಾಕಲಿಲ್ಲ, ಆಳುಗಳನ್ನೂ ಬಿಡಲಿಲ್ಲ, ಒಳ್ಳೆಯವನು, ಕೆಲಸಗಾರನ ನೋವು ಕೆಲಸಗಾರನಿಗೇ ಗೊತ್ತು. ಹಸಿ ಜೇಡಿ ಮಣ್ಣು ಕಾಣುವ ತನಕ ತೋಡಿದ, ಕಂಬಿಗೆ ಅಂಟಿದ್ದನ್ನು ಚಿಂದಿಯಿಂದ ಒರೆಸಿದ, ಎಮ್ಮೆಯ ಮೈ ತಿಕ್ಕಿದಂತೆ. ಆಮೇಲೆ ಕಾಜ್ ಇಳಿದು ಬಂದು ತನ್ನ ಲಾರಿಯ ಸೀಟಿನ ಕೆಳಗಿನಿಂದ ಒಂದು ಚೀಲ ತೆಗೆದು ತೋರಿಸಿದ, ಸಕ್ಕರೆ! ಸಕ್ಕರೆಯೇ, ರೇಣು ಬಂದಾಗ ಅವಳ ಮೂಲಕ ಬಿಡಿಸಿ ಹೇಳಿದ, ಕಾಂಕ್ರೀಟು ತುಂಬಿಕೊಂಡ ಲಾರಿ ದಾರಿಯಲ್ಲಿ ಕೆಟ್ಟು ನಿಂತರೆ ಒಳಗೆ ಕಲ್ಲಾಗದಿರಲೆಂದು ಸಕ್ಕರೆ ಸುರಿಯುತ್ತಾರಂತೆ, ಶಾಂಟಿ ಮಾಡಿದ್ದು ನಾವೂ ಮಾಡ್ತೀವಿ, ಬೇಕಂತಲೇ ಮಾಡ್ತೀವಿ ಅಂತಾನಪ್ಪಾ, ಎಂದಳು. ಗುರುಶಾಂತಪ್ಪನಿಗೆ ಅರ್ಧ ಜೀವ ಬಂದಿತು, ಬೆಲ್ಲಕ್ಕೆ ಶಕ್ತಿ ಇದೆ, ದಿಕ್ಕು ಬೇರೆ. ಎರಡನೆಯ ಸಲ ಕಲಸುವಾಗ ಏನೂ ಹಾಕಲಿಲ್ಲ. ಏನೂ ಹಾಕದೆ ಇರುವುದು ಎಷ್ಟು ಕಷ್ಟ, ಕೈ ತಾನಾಗಿ ಬಕೆಟ್ಟಿನ ಕಡೆ ಹೋಗುತ್ತದೆ, ಚಿಟಿಕೆ ಅರಿಶಿನ, ಒಂದು ತೊಟ್ಟು ಹಾಲು, ವಿಭೂತಿಯ ಒಂದು ಚೂರಾದರೂ, ಪಾಯ ಹಸಿದುಕೊಂಡೇ ಹೋಗಬೇಕೆ, ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡ, ಸಿಮೆಂಟು, ಉಸುಕು, ಖಡಿ, ನೀರು, ಕಾಜ್ ಹೇಳಿದ ಅಳತೆ, ಅಷ್ಟೇ. ಆ ಸಂಜೆ ರೇಡಿಯೋದಲ್ಲಿ ಇಪ್ಪತ್ತೈದು ಫ್ಯಾರನ್‌ಹೀಟಿಗೆ ಇಳಿಯುತ್ತದೆ ಎಂದರಂತೆ, ನೀರು ಹೆಪ್ಪುಗಟ್ಟುವ ಚಳಿ, ಹಸಿ ಕಾಂಕ್ರೀಟಿಗೆ ಚಳಿ ಬಡಿದರೆ ಒಳಗಿನ ನೀರು ಗಡ್ಡೆಯಾಗಿ ಅದು ಪುಡಿಪುಡಿಯಾಗುತ್ತದೆ, ಊರಿನಲ್ಲಾದರೆ ಹೊಸ ಕಾಂಕ್ರೀಟಿಗೆ ಹೊತ್ತುಹೊತ್ತಿಗೆ ನೀರು ಹೊಡೆದು ತಣ್ಣಗಿಡಬೇಕು, ಇಲ್ಲಿ ಬಾಣಂತಿಯ ಹಾಗೆ ಬೆಚ್ಚಗೆ ಮುಚ್ಚಬೇಕು, ಇದನ್ನೂ ಕಲಿತ, ಅರವತ್ತು ದಾಟಿದ ಮೇಲೆ ಕಲಿತ, ಕಾಜ್ ಹುಲ್ಲು ಹಾಸಿ ತಾಡಪಾಲು ಹೊದಿಸಿದ. ಗುರುಶಾಂತಪ್ಪನಿಗೆ ಸಾಲದೆನ್ನಿಸಿತು. ತೀರಿಹೋದ ಹೆಂಡತಿ ನಿಂಗವ್ವನ ಕೌದಿ ತಂದ. ಅವಳ ಹಳೆಯ ಇಳಕಲ್ ಸೀರೆ, ಅವನ ಸವೆದ ಧೋತರ, ರೇಣುವಿನ ಸಾಲಿಯ ಲಂಗ, ಎಲ್ಲ ಸೇರಿಸಿ ಒಂದು ಶ್ರಾವಣ ಪೂರ್ತಿ ಹೊಲಿದ ಕೌದಿ, ಕೊನೆಯ ಮೂಲೆ ಮುಚ್ಚುವಾಗ ಒಳಗೆ ರೊಟ್ಟಿಯ ಚೂರೊಂದನ್ನು ಇಟ್ಟು ಹೊಲಿದಿದ್ದಳು, ಕೌದಿ ಉಪವಾಸ ಇರಬಾರದು ನೋಡ್ರಿ, ಹಸಿದ ಕೌದಿ ಬೆಚ್ಚಗ ಇಡಂಗಿಲ್ಲ. ಅದನ್ನು ನಾಲ್ಕು ಮಡಿಕೆ ಮಾಡಿ ಮೂಲೆಯ ಮೇಲೆ ಹೊದಿಸುವಾಗ ರೊಟ್ಟಿ ಇದ್ದ ಕಡೆ ಕಾಂಕ್ರೀಟಿನ ನೆತ್ತಿಗೆ ಬರುವಂತೆ ಇಟ್ಟ. ಒಳಗೇನೂ ಹಾಕಿಲ್ಲ, ಕಾಜ್, ಆಣೆ ಮಾಡುತ್ತೇನೆ. ಮೇಲೆ ಹೊದಿಸಿದ್ದು ಲೆಕ್ಕಕ್ಕಿಲ್ಲ.

ಈ ಬೆಲ್ಲದ ಕತೆ ದೀಪಾವಳಿಯ ಹೊತ್ತಿಗೆ ವೆಸ್ಟ್ ಬ್ಲೂಮ್‌ಫೀಲ್ಡಿನ ತನಕ ಹೋಗಿತ್ತು, ಹಯವದನನ ಮನೆಯಲ್ಲಿ ಎಲ್ಲ ಕನ್ನಡದವರು ಸೇರಿದ್ದರು, ಮೆತ್ತನೆಯ ನೆಲಹಾಸು, ಗೋಡೆಗೆ ಮುಟ್ಟಿ ನೋಡಿದರೆ ಟೊಳ್ಳು ಸದ್ದು, ಅಂಕಲ್, ಬೆಲ್ಲದ ಪಾಯ ಹಾಕಿದ್ರಂತೆ, ನಮ್ಮನೇಗೂ ಒಂದು ಸ್ವಲ್ಪ ಹಾಕ್ಕೊಡಿ, ಹೋಳಿಗೆ ಮಾಡ್ಕೋತೀವಿ, ಎಂದ ಹಯವದನ, ಎಲ್ಲರೂ ನಕ್ಕರು, ಗುರುಶಾಂತಪ್ಪನೂ ನಕ್ಕ, ಆ ಹೊತ್ತಿಗೆ ನಗುವುದು ಬಂದಿತ್ತು. ಹಯವದನನ ಹೆಂಡತಿ ವತ್ಸಲಾ ತಟ್ಟೆ ಕೊಡುತ್ತ, ನೀವು ಊರಲ್ಲಿ ಏನ್ ಮಾಡ್ತಿದ್ರಿ ಅಂಕಲ್, ಎಂದಳು, ಸುರೇಶ ಚುರುಕಾಗಿ, ಸಿವಿಲ್ ಕಂಟ್ರಾಕ್ಟರು, ಅಂದ. ತಪ್ಪೇನಿಲ್ಲ, ಹುಡುಗನಿಗೆ ಮಾವನ ಮರ್ಯಾದೆ ಕಾಯಬೇಕು. ಗುರುಶಾಂತಪ್ಪ ತಟ್ಟೆ ಕೆಳಗಿಟ್ಟ. ಗೌಂಡಿರೀ ನಾನು, ಅಂದ. ವತ್ಸಲಾ, ಓ, ಗೌಡ್ರಾ! ಅಂದಳು, ಬೆಂಗಳೂರಿನವಳು, ಆ ಮಾತು ಕೇಳಿದವಳಲ್ಲ. ಗೌಡ ಅಲ್ಲವ್ವಾ, ಗೌಂಡಿ, ನಿಮ್ಮ ಕಡೆ ಗಾರೆ ಕೆಲಸದವರು ಅಂತಾರಲ್ಲ, ಅದು. ಗಚ್ಚಿನ ಗೌಂಡಿ. ಅಷ್ಟರಲ್ಲಿ ರೇಣು ಕೋಣೆಯ ಆ ತುದಿಯಿಂದ ಗಟ್ಟಿಯಾಗಿ, ಈಗ ಸಿಮೆಂಟಿನ ಗೌಂಡಿನೂ ಹೌದು, ಅಂದಳು. ಕಾರಿನಲ್ಲಿ ಬರುವಾಗ, ಹೆದ್ದಾರಿ ಬಿಟ್ಟು ಇಳಿದ ಮೇಲೆ ಸುರೇಶ, ಮಾವ, ಆ ಮೂಲೆ ಈಗ ಹೇಗಿದೆ, ಎಂದು ಕೇಳಿದ. ಉಗುರು ಇಳಿಯಂಗಿಲ್ರೀ, ಅಂದ ಗುರುಶಾಂತಪ್ಪ. ಕೌದಿ ಎತ್ತಿ ಎತ್ತಿ ದಿನವೂ ಹೆಬ್ಬೆರಳ ಉಗುರು ಒತ್ತಿ ನೋಡುತ್ತಿದ್ದ, ಮೊದಲು ಗೆರೆ ಬೀಳುತ್ತಿತ್ತು, ಆಮೇಲೆ ಬೀಳಲಿಲ್ಲ, ಆಮೇಲೆ ಉಗುರೇ ಮುರಿಯಿತು, ಸುತ್ತಿಗೆಯಿಂದ ಬಡಿದ ದಿನ ಠಣ್ ಅಂದಿತು, ದೇವಸ್ಥಾನದ ಗಂಟೆ ಎಂದರೆ ಅದು, ಉಸ್ತಾದ ಕೇಳಿದೆಯಾ.

ಶಿಳ್ಳೆ. ಕಾಜ್ ಶಿಳ್ಳೆ ಹಾಕಿದ. ಗುರುಶಾಂತಪ್ಪ ಬಕೆಟ್ಟಿನಿಂದ ಎದ್ದ, ಮೊಣಕಾಲು ಕಟ್ಟೆಂದಿತು, ಜ್ಯಾಕುಗಳ ಹತ್ತಿರ ಆಳುಗಳು ನಿಂತಿದ್ದಾರೆ, ಶಾಂಟಿ, ಯು ವಾಚ್, ಕಾಜ್ ಎರಡು ಬೆರಳಿಂದ ತನ್ನ ಕಣ್ಣು ತೋರಿಸಿ ಈ ಮೂಲೆ ತೋರಿಸಿದ, ನೋಡುವ ಕೆಲಸ, ಸರಿ, ನೋಡುವುದೂ ಕೆಲಸವೇ, ಒದ್ದೆ ನೆಲಕ್ಕೆ ಮೊಣಕಾಲೂರಿ ಗೋಡೆಯ ನೆತ್ತಿಯ ಹೊರ ಅಂಚಿಗೆ ಗಲ್ಲ ಹಚ್ಚಿ ಕೂತ, ತಣ್ಣಗಿದೆ, ಗಟ್ಟಿಯಾಗಿದೆ, ಮುಂದೆ ಮೊಳದಷ್ಟು ಬೆಳಕು, ಆ ತುದಿಯಲ್ಲಿ ಹಳದಿ ಬೂಟು. ಕ್ವಾರ್ಟರ್! ಎಲ್ಲ ಜ್ಯಾಕುಗಳೂ ಒಟ್ಟಿಗೆ ಕಾಲು ಸುತ್ತು. ಮನೆ ಇಳಿಯಿತೋ ಇಲ್ಲವೋ ಗೊತ್ತಾಗಲಿಲ್ಲ. ಕ್ವಾರ್ಟರ್! ಮೇಲೆ ಎಲ್ಲೋ ಮರ ಕಿರುಗುಟ್ಟಿತು, ಬಾಗಿಲ ಗಂಟೆ ತಾನಾಗಿ ಒಮ್ಮೆ ಅಲುಗಿತು, ಇಳಿಯುತ್ತಿದೆ, ಮೊಳದ ಬೆಳಕು ಗೇಣಾಯಿತು, ಜೋಪಾನ ಆಕಿ, ನಿಧಾನ, ಮದುವೆಯಾಗಿ ಹೊಸ ಮನೆಗೆ ಬಂದ ಹುಡುಗಿ ಹೊಸಿಲ ಮೇಲೆ ಕಾಲಿಟ್ಟಂತೆ ನಿಧಾನ, ಗೇಣು ಹೋಗಿ ನಾಲ್ಕು ಬೆರಳು, ಬೂಟಿನ ಮೇಲರ್ಧ ಮರೆಯಾಯಿತು, ಈಗ ಹಳದಿಯ ತುದಿ ಮಾತ್ರ, ಅದು ಅಲುಗುತ್ತಿಲ್ಲ, ರೇಣು ಆ ಕಡೆ ನಿಂತುಬಿಟ್ಟಿದ್ದಾಳೆ, ಉಸಿರು ಹಿಡಿದಿರುತ್ತಾಳೆ, ಪರೀಕ್ಷೆಯ ಫಲಿತಾಂಶದ ದಿನ ಅಂಚೆಯವನ ದಾರಿ ಕಾಯುತ್ತ ಕಟ್ಟೆಯ ಮೇಲೆ ಹೀಗೇ ನಿಂತಿದ್ದಳು. ಕ್ವಾರ್ಟರ್! ಎರಡು ಬೆರಳು. ಒಂದು. ಡೌನ್, ಎಂದು ಆಚೆಯ ಮೂಲೆಯಿಂದ ಕೂಗು, ಒಂದು ಮೂಲೆ ಕೂತಿತು, ಡೌನ್, ಇನ್ನೊಂದು, ಡೌನ್, ಮೂರನೆಯದು. ಮೂರೂ ಕಾಜ್‌ನವು. ಈ ಮೂಲೆಯಲ್ಲಿ ಇನ್ನೂ ಬೆಳಕು. ಕಡ್ಡಿಯಷ್ಟು. ಕಾಜ್ ಕೈ ಎತ್ತಿದ, ಎಲ್ಲರೂ ನಿಂತರು, ತಗ್ಗಾಯಿತೆ, ತನ್ನ ಮೂಲೆ ತಗ್ಗಾಯಿತೆ, ದಿನವೂ ರಸಮಟ್ಟ ಇಟ್ಟು ನೋಡಿದ್ದೆನಲ್ಲ, ಗುಳ್ಳೆ ಎರಡು ಗೆರೆಯ ನಡುವೆ ಕಣ್ಣಗುಡ್ಡೆಯ ಹಾಗೆ ನಿಂತಿತ್ತಲ್ಲ, ಆ ಚಳಿಗೆ ಏನಾದರೂ ಕುಗ್ಗಿತೆ, ಕೌದಿ ಸರಿದಿತ್ತೆ, ಮನೆ ಮೂರು ಕಾಲಿನ ಮೇಲೆ ನಿಂತರೆ ಅದು ಮನೆಯೇ ಅಲ್ಲ. ಹಿಂದೆ ಹುಲ್ಲಿನಲ್ಲಿ ಹೆಜ್ಜೆ ಸದ್ದು, ಯಾರೋ ಪಕ್ಕಕ್ಕೆ ಬಂದು ಕೂತರು, ಸುರೇಶ, ಆಫೀಸಿನ ಕರಿ ಬೂಟು, ಇಸ್ತ್ರಿ ಹಾಕಿದ ಪ್ಯಾಂಟು, ಕೆಸರಿಗೆ ಮೊಣಕಾಲೂರಿ ಮಾವನ ಭುಜಕ್ಕೆ ಭುಜ ತಾಗಿಸಿ ತಾನೂ ಗೋಡೆಗೆ ಗಲ್ಲ ಹಚ್ಚಿದ, ಮಾವ, ಇನ್ನೂ ಕಾಣ್ತಿದೆಯಾ? ಇನ್ನೂ ಐತಿ. ಸುರೇಶ ತಿರುಗಿ ಕಾಜ್ ಕಡೆ ಕೂಗಿದ, ಏನಾದರೂ ಚೂರು ತುರುಕೋದಾ ಎಂದು ಇಂಗ್ಲಿಷಿನಲ್ಲಿ, ಕಾಜ್ ತಲೆಯಾಡಿಸಿ ಬೇಡ ಅಂದ, ವೇಟ್, ಲೆಟ್ ಹರ್. ಲೆಟ್ ಹರ್, ಆಕಿ ತಾನಾಗಿ ಕೂಡಲಿ, ಇಷ್ಟು ದಿನ ಗಾಳಿಯಲ್ಲಿ ನಿಂತವಳು, ಮೈ ಬಿಗಿ ಹಿಡಿದಿದ್ದಾಳೆ, ನೆಲ ಇದೆಯೆಂದು ನಂಬಬೇಕಲ್ಲ, ನಂಬವ್ವಾ, ಇದೆ, ಹಸಿವಿಲ್ಲ ಇದಕ್ಕೆ, ನಿಂಗವ್ವ ಉಣಿಸಿದ್ದಾಳೆ, ಕೂಡು. ಎಲ್ಲೋ ಒಳಗೆ, ಅಡುಗೆಮನೆಯ ಕಡೆ, ಒಂದು ತೊಲೆ ನಿಟ್ಟುಸಿರು ಬಿಟ್ಟಿತು. ಕಡ್ಡಿಯಷ್ಟಿದ್ದದ್ದು ನೂಲಾಯಿತು. ನೂಲಿನ ಆ ತುದಿಯಲ್ಲಿ ಒಂದು ಚುಕ್ಕೆ ಹಳದಿ. ಇನ್ನೂ ಐತಿ. ನೂಲು ಎಳೆಯಾಯಿತು, ನಿಂಗವ್ವ ಸೂಜಿಗೆ ಪೋಣಿಸುವಾಗ ತುಟಿಯಲ್ಲಿ ಒದ್ದೆ ಮಾಡಿ ಕಿರಿದುಗೊಳಿಸಿದ ಎಳೆ, ಇನ್ನೂ — ಗಲ್ಲದ ಕೆಳಗೆ ಗೋಡೆ ಭಾರ ತೆಗೆದುಕೊಂಡದ್ದು ಗೊತ್ತಾಯಿತು, ಸದ್ದಿಲ್ಲ, ನಡುಕವಿಲ್ಲ, ಎತ್ತಿನ ಹೆಗಲಿಗೆ ನೊಗ ಕೂತ ಹಾಗೆ, ತೆಗೆದುಕೊಂಡಿತು, ಹಿಂದೆ ಕಾಜ್ ಡೊಬ್ಜೆ! ಎಂದು ಅರಚಿದ, ಆಳುಗಳು ಶಿಳ್ಳೆ ಹೊಡೆದರು, ಮಾವ, ಬೆಳಕು ಹೋಯ್ತು, ಹೋಯ್ತು ಮಾವ, ಏಳಿ, ಎಂದು ಸುರೇಶ ತೋಳು ಹಿಡಿದ, ಗುರುಶಾಂತಪ್ಪ ಏಳಲಿಲ್ಲ, ಮರ ಕಲ್ಲಿಗೆ ಕೂಡಿದ ಗೆರೆಯ ಮೇಲೆ ಬೆರಳು ಸರಿಸಿದ, ಉಗುರು ಇಳಿಯಲಿಲ್ಲ, ಕಣ್ಣು ಹಚ್ಚಿದ, ಒಳಗೆ ಕತ್ತಲೆ, ಮನೆಯ ಕೆಳಗೆ ಇರಬೇಕಾದ ಕತ್ತಲೆ, ತುಂಬಿದ ಕತ್ತಲೆ, ಕಣ್ಣು ಮುಚ್ಚಿದರೆ ರೆಪ್ಪೆಯ ಒಳಗೆ ಆ ಹಳದಿ ಎಳೆ, ತೆರೆದರೆ ಕತ್ತಲೆ, ಮುಚ್ಚಿದರೆ ಹಳದಿ ಎಳೆ, ಆ ಎಳೆಯ ಆ ತುದಿಯಲ್ಲಿ ರೇಣು.